ನಗೆಯ ಋಣ

ಅಂಗಡಿಯಲ್ಲಿ ಅಕ್ಕಿಯನ್ನು ಕೊಂಡು ಹಣವನ್ನು ತೆತ್ತವನಿಗೂ ಅಂಗಡಿಯವನಿಗೂ ಇರುವ ಸಂಬಂಧ ಅಲ್ಲಿಗೆ ಮುಗಿಯಿತು. ಪ್ರತಿದಿನ ಊಟಕ್ಕೆ ಕುಳಿತಾಗ ಆ ವರ್ತಕನನ್ನು ನೆನೆಯಬೇಕೆಂದು ಯಾವ ಧರ್ಮಶಾಸ್ತ್ರವೂ ವಿಧಿಸಿಲ್ಲ. ನಗೆಯ ಲೆಕ್ಕ ಇಷ್ಟು ಬೇಗ ತೀರತಕ್ಕದ್ದಲ್ಲ. ನಟನೊಬ್ಬನು ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಂತು ಆಡಿದ ವಿನೋದವು ನಾಲ್ವತ್ತು ವರ್ಷಗಳ ತರುವಾಯವೂ, ಅವನು ಕಾಣದ ಮನೆಗಳಲ್ಲಿ, ಅವನು ತೀರಿಹೋದ ಮೇಲೆಯೂ ಮಕ್ಕಳನ್ನು ನಗಿಸುತ್ತಿರುತ್ತದೆ. ಅವನಿಗೆ ಅಂದು ಸಂದ ಹಣಕ್ಕೂ ಇಂದು ಸಲ್ಲುತ್ತಿರುವ ಸಂತೋಷಕ್ಕೂ ಏನು ಹೊಂದಿಕೆ? ಉಳಿದುದು ಋಣವಾದರೆ ಅದನ್ನು ತೀರಿಸಬೇಕಾದವರು ಯಾರು?

ಈ ಪ್ರಶ್ನೆಗೆ 1983ರಲ್ಲಿ ತೆರೆಗೆ ಬಂದ 'ಜಾನೇ ಭೀ ದೋ ಯಾರೋ' ಎಂಬ ಹಿಂದೀ ಚಿತ್ರವು ಒಳ್ಳೆಯ ನಿದರ್ಶನವಾಗಿದೆ. ಇದಕ್ಕೆ ಬಂಡವಾಳವನ್ನು ಕೊಟ್ಟುದು ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ; ಅದೂ ಸುಮಾರು 7 ಲಕ್ಷ ರೂಪಾಯಿ ಮಾತ್ರ. ನಿರ್ದೇಶಕರಾದ ಕುಂದನ್ ಶಾ ಅವರಿಗೆ ಇದು ಮೊದಲನೆಯ ಕಥಾಚಿತ್ರ. ಬಡ ಛಾಯಾಚಿತ್ರಗಾರರಿಬ್ಬರು ಮುಂಬಯಿಯಲ್ಲಿ ಒಂದು ಸ್ಟುಡಿಯೋ ತೆರೆದು, ಗಿರಾಕಿಗಳಿಲ್ಲದೆ, ಒಂದು ಪತ್ರಿಕೆಯ ಸಂಪಾದಕಿಯ ಪರವಾಗಿ ಗೂಢಚಾರಿಕೆಗೆ ತೊಡಗುತ್ತಾರೆ. ತಾವು ತೆಗೆದ ಒಂದು ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಅದರ ಮೂಲೆಯಲ್ಲಿ ಒಂದು ಕೊಲೆ ಕಾಣಿಸುತ್ತದೆ. ಸತ್ತವನು ನಗರದ ಕಮಿಷನರು. ಕೊಂದವನು ಕಟ್ಟಡಗಳ ಕಂತ್ರಾಟುದಾರ. ಮುಂದೆ ಆ ಹೆಣಕ್ಕಾಗಿ ನಡೆಯುವ ಓಡಾಟವೇ ಕಥೆ.

ನಟವರ್ಗದ ಹೆಸರುಗಳನ್ನು ಇಂದು ಓದಿದವರಿಗೆ ಆಶ್ಚರ್ಯವಾದೀತು. ನಸೀರುದ್ದೀನ್ ಶಾ, ರವಿ ಬಾಸ್ವಾನಿ, ಓಂ ಪುರಿ, ಪಂಕಜ್ ಕಪೂರ್, ಸತೀಶ್ ಶಾ, ನೀನಾ ಗುಪ್ತಾ, ಸತೀಶ್ ಕೌಶಿಕ್; ಸಂಪಾದಕಿಯ ಪಾತ್ರದಲ್ಲಿ ಮರಾಠೀ ರಂಗಭೂಮಿಯಲ್ಲಿ 'ತೀ ಫುಲರಾಣಿ'ಯೆಂಬ ನಾಟಕದಿಂದ ಹೆಸರಾಗಿದ್ದ ಭಕ್ತಿ ಬರ್ವೆ. ಇವರಲ್ಲಿ ಅತ್ಯಧಿಕ ಸಂಭಾವನೆ ಪಡೆದವರು ನಸೀರುದ್ದೀನ್ ಶಾ. ಅದು 15,000 ರೂಪಾಯಿಯೆಂದು ಪ್ರಸಿದ್ಧವಾಗಿದೆ. ಉಳಿದವರಿಗೆ ಸಂದುದು ಅದಕ್ಕಿಂತ ಬಹಳ ಕಡಮೆ. ಚಿತ್ರದಲ್ಲಿ ನಾಯಕನ ಕೈಯಲ್ಲಿರುವ ಕ್ಯಾಮರಾ ಕೂಡ ನಸೀರುದ್ದೀನರ ಸ್ವಂತದ್ದು. ಚಿತ್ರೀಕರಣದ ನಡುವೆ ಅದು ಕಳವಾಯಿತು. ದುಡಿದು ಬಂದ ಲಾಭದಲ್ಲಿ ಆ ನಷ್ಟವನ್ನು ಕಳೆದರೆ ಮಿಕ್ಕುದು ಎಷ್ಟೆಂಬುದನ್ನು ವಾಚಕರೇ ಎಣಿಸಬಹುದು.

ಇಂತಹ ಸಂಗತಿಗಳನ್ನು ಕೇಳಿದೊಡನೆ ಸಹೃದಯರಲ್ಲಿ ಹಲವರು ತಲೆದೂಗಿ, "ಕಷ್ಟವಲ್ಲವೆ ಕಲೆಯ ತಾಯಿ! ಹಣವಿದ್ದಿದ್ದರೆ ಈ ಸೊಗಸು ಬರುತ್ತಿತ್ತೆ?" ಎನ್ನುವುದುಂಟು. ಮಾತು ಕಿವಿಗೆ ಇಂಪಾಗಿದೆ. ಆದರೆ ಇದನ್ನು ಆಡತಕ್ಕವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಬಡತನದಿಂದಲೇ ವಿನೋದ ಹುಟ್ಟುವುದಾದರೆ ನಮ್ಮ ನಾಡಿನ ಪ್ರತಿಯೊಂದು ಬೀದಿಯಲ್ಲಿಯೂ ಒಂದೊಂದು ಪ್ರಹಸನ ಸಿದ್ಧವಾಗಿರಬೇಕಾಗಿತ್ತು. ಈ ಚಿತ್ರವನ್ನು ಕಾಪಾಡಿದ್ದು ಬಡತನವಲ್ಲ, ಅಭ್ಯಾಸ. ಇವರಲ್ಲಿ ಹಲವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೋ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿಯೋ ವರ್ಷಗಟ್ಟಲೆ ಸಾಧನೆ ಮಾಡಿದವರು. ನಸೀರುದ್ದೀನ್ ಶಾ, ಓಂ ಪುರಿ ಇಬ್ಬರೂ ಎರಡು ಕಡೆಯೂ ಕಲಿತವರು. ಪುಣೆಯ ಸಂಸ್ಥೆಗೆ 1974-75ರಲ್ಲಿ ನಿರ್ದೇಶಕರಾಗಿದ್ದವರು ನಮ್ಮ ಗಿರೀಶ ಕಾರ್ನಾಡರು. ಆಗ ಅಲ್ಲಿಯ ವಿದ್ಯಾರ್ಥಿಗಳಲ್ಲಿ ನಸೀರುದ್ದೀನರೂ ಒಬ್ಬರು. ಈ ಎರಡು ಶಾಲೆಗಳನ್ನೂ ನಡೆಸಿದ್ದು ಜನರ ತೆರಿಗೆಯ ಹಣ. ಹಾಗಾಗಿ ಈ ಚಿತ್ರಕ್ಕೆ ತಗುಲಿದ ವೆಚ್ಚವನ್ನು ಏಳು ಲಕ್ಷವೆಂದು ಬರೆದರೆ ಲೆಕ್ಕ ತಪ್ಪಾಗುತ್ತದೆ. ಅದರ ಹಿಂದೆ ಹತ್ತು ವರ್ಷಗಳ ವೆಚ್ಚವಿದೆ. ಕಷ್ಟವನ್ನು ಹೊಗಳುವುದರಲ್ಲಿ ಒಂದು ಅಪಾಯವೂ ಉಂಟು: ಹೊಗಳಿದವನು ಕೊಡಬೇಕಾದುದನ್ನು ಕೊಟ್ಟೆನೆಂದು ಭ್ರಮಿಸುತ್ತಾನೆ.

ಇದಕ್ಕೆ ಪ್ರತಿಯಾಗಿ, "ಅವರೇ ಒಪ್ಪಿ ಬಂದರು, ಒಪ್ಪಿದ ಮೇಲೆ ಋಣವೆಲ್ಲಿಯದು?" ಎಂದು ಕೇಳಬಹುದು. ಈ ಆಕ್ಷೇಪ ಹಗುರವಾದುದಲ್ಲ. ಕೊಡತಕ್ಕವನಲ್ಲಿಯೇ ಇಲ್ಲದಿದ್ದಾಗ ಅಲ್ಪಕ್ಕೆ ಒಪ್ಪುವುದು ಸ್ನೇಹ. ಇದ್ದೂ ಕೊಡದವನ ಮುಂದೆ ಒಪ್ಪುವುದು ದೈನ್ಯ. ಎರಡರಲ್ಲಿಯೂ ಹಣ ಒಂದೇ ಆಗಿರಬಹುದು, ಧರ್ಮ ಒಂದೇ ಅಲ್ಲ. ಇಲ್ಲಿ ನಡೆದುದು ಮೊದಲನೆಯದು. ನಿರ್ಮಾಣದ ಹೊಣೆ ಹೊತ್ತಿದ್ದ ವಿಧು ವಿನೋದ್ ಚೋಪ್ರಾ ಅವರೇ ವೇಷ ಹಾಕಿಕೊಂಡು ದುಶ್ಶಾಸನನಾದರು. ಕಥೆಯ ನಾಯಕರಿಬ್ಬರ ಹೆಸರುಗಳು ಕೂಡ ಈ ಚೋಪ್ರಾ ಅವರವೂ ಕಥೆಯಲ್ಲಿ ಸಹಾಯ ಮಾಡಿದ ಸುಧೀರ್ ಮಿಶ್ರಾ ಅವರವೂ ಆಗಿವೆ. ಮನೆಯ ಮದುವೆಯಲ್ಲಿ ಬಡಿಸುವವನಿಗೂ ಉಣ್ಣುವವನಿಗೂ ಭೇದವಿಲ್ಲದಂತೆ ಕೆಲಸ ಸಾಗಿತು. ಹಾಗೆಂದು ಎಲ್ಲವೂ ಸೌಮನಸ್ಯದಿಂದ ನಡೆಯಿತೆಂದಲ್ಲ. ಕೆಲವು ದೃಶ್ಯಗಳಲ್ಲಿ ತರ್ಕವೇ ಇಲ್ಲವೆಂದು ನಸೀರುದ್ದೀನರು ನಿರ್ದೇಶಕರೊಡನೆ ವಾದಿಸಿದರು. ವಾದಿಸಿಯೂ ಆಡಿದರು. ತನಗೆ ನಂಬಿಕೆಯಿಲ್ಲದ ವಿನೋದಕ್ಕೆ ಪೂರ್ಣಮನಸ್ಸಿನಿಂದ ಮೈಯನ್ನು ಒಪ್ಪಿಸುವುದು, ಅಲ್ಪವೇತನಕ್ಕೆ ಒಪ್ಪುವುದಕ್ಕಿಂತ ದೊಡ್ಡ ದಾನವೆಂದೇ ಹೇಳಬೇಕು.

ದಾನದ ಮಾತು ಬಂದಾಗ ಸತೀಶ್ ಶಾ ಅವರನ್ನು ಬಿಡುವಂತಿಲ್ಲ. ಕಮಿಷನರಾದ ಅವರು ಬೇಗನೆ ಸಾಯುತ್ತಾರೆ. ಅವರ ಮುಖ್ಯ ಅಭಿನಯ ಆರಂಭವಾಗುವುದು ಆ ಬಳಿಕ. ನಟನೆಂದರೆ ಮಾತು, ಕಣ್ಣು, ಕೈ. ಈ ಮೂರನ್ನೂ ತ್ಯಜಿಸಿ, ಹೊತ್ತವರು ಹೊತ್ತತ್ತ ಹೋಗಿ, ಕಾಲಿಗೆ ಗಾಲಿ ಕಟ್ಟಿದರೆ ಉರುಳಿ, ಶವಪೆಟ್ಟಿಗೆಯಲ್ಲಿ ಮಲಗಿ, ಕೊನೆಗೆ ಸೀರೆಯುಟ್ಟು ರಂಗದ ಮೇಲೆ ದ್ರೌಪದಿಯಾಗಿ ನಿಲ್ಲುವುದು ಸಾಮಾನ್ಯವಾದ ಸಾಧನೆಯಲ್ಲ. ಕುಡಿದ ಮತ್ತಿನಲ್ಲಿ ಓಂ ಪುರಿಯವರು ಶವಪೆಟ್ಟಿಗೆಯನ್ನು ಮೋಟಾರೆಂದು ಬಗೆದು ಹೆಣಕ್ಕೆ ಸಹಾಯ ಮಾಡಲು ಹೊರಟಾಗ ಎಲ್ಲರೂ ನಗುವುದು ಓಂ ಪುರಿಯವರನ್ನು ನೋಡಿ. ಹೆಣವು ಒಮ್ಮೆ ಉಸಿರಾಡಿದ್ದರೂ ಆ ನಗು ಉಳಿಯುತ್ತಿರಲಿಲ್ಲ. ಇನ್ನೊಬ್ಬನ ಯಶಸ್ಸಿಗಾಗಿ ತಾನು ಏನೂ ಮಾಡದಿರುವುದು: ಇದಕ್ಕೆ ಯಾವ ದರದಲ್ಲಿ ಕೂಲಿ ಕಟ್ಟುವುದು?

ಆ ದ್ರೌಪದಿಯ ಸಭೆಯಲ್ಲಿ ಇನ್ನೊಂದು ವಿಚಾರ ಅಡಗಿದೆ. ವ್ಯಾಸರ ಸಭೆಯಲ್ಲಿ ಹಿರಿಯರು ಮೌನದಿಂದ ಕೆಟ್ಟರು. ಇಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ, ಸುಮ್ಮನಿರುವುದು ಹೆಣವೊಂದೇ. ಸಾಕ್ಷಿಯನ್ನು ಉಳಿಸಬೇಕೆನ್ನುವವರು, ಮುಚ್ಚಬೇಕೆನ್ನುವವರು, ಇಬ್ಬರೂ ಅದನ್ನೇ ಎಳೆಯುತ್ತಾರೆ. ಕಂತ್ರಾಟುದಾರನಾದ ಪಂಕಜ್ ಕಪೂರ್ ದನಿಯೇರಿಸದೆ ಆಡಿರುವ ದುಷ್ಟತನವನ್ನು ಸಭೆಯ ಗದ್ದಲದ ನಡುವೆ ಮರೆಯುವವರು, ಮನೆಗೆ ಹೋದ ಮೇಲೆ ನೆನೆದು ಬೆಚ್ಚುತ್ತಾರೆ.

ಚಿತ್ರದ ಮುಕ್ತಾಯದಲ್ಲಿ ಕಂತ್ರಾಟುದಾರ, ಅವನ ವೈರಿ, ಅಧಿಕಾರಿ, ಸಂಪಾದಕಿ ಎಲ್ಲರೂ ಒಂದಾಗುತ್ತಾರೆ. ಕುಸಿದ ಸೇತುವೆಯ ಅಪರಾಧ ಆ ಇಬ್ಬರು ಬಡ ಛಾಯಾಚಿತ್ರಗಾರರ ತಲೆಗೆ ಬೀಳುತ್ತದೆ. ದುಡಿದವರಿಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂಬ ಕಥೆಯನ್ನು, ಸಲ್ಲಬೇಕಾದುದಕ್ಕಿಂತ ಕಡಮೆ ಪಡೆದವರು ಆಡಿ ತೋರಿಸಿದರು. ಆದರೆ ಕಥೆಯೊಳಗೆ ಮೋಸವಿದೆ, ಹೊರಗೆ ಮೋಸವಿರಲಿಲ್ಲ. ಬಂಡವಾಳ ಜನರದು, ನಿಗಮ ಜನರದು; ಅಂದಮೇಲೆ ಈ ನಟರಿಗೆ ಯಜಮಾನನಾದವನು ಯಾರು? ನಗುತ್ತಾ ಕುಳಿತಿರುವ ಪ್ರೇಕ್ಷಕನೇ. ಅವನಾದರೋ 1983ರಲ್ಲಿ ಚಿತ್ರಮಂದಿರಕ್ಕೆ ಹೆಚ್ಚಾಗಿ ಬರಲಿಲ್ಲ. ದೂರದರ್ಶನದಲ್ಲಿ ಬಿಟ್ಟಿಯಾಗಿ ಬಂದಾಗ ನೋಡಿ ಮೆಚ್ಚಿಕೊಂಡ.

ಈ ಲೆಕ್ಕದಲ್ಲಿ ಕಾಣದೆ ಹೋದವರೂ ಒಬ್ಬರುಂಟು. ಅನುಪಮ್ ಖೇರ್ ಇದರಲ್ಲಿ ಕೊಲೆಗಡುಕನೊಬ್ಬನ ಪಾತ್ರವನ್ನು ಆಡಿದ್ದರು. ಚಿತ್ರ ಬಹಳ ಉದ್ದವಾಯಿತೆಂದು ಅವರ ಭಾಗವನ್ನೆಲ್ಲ ಕತ್ತರಿಸಲಾಯಿತು. ಅವರು ಪಟ್ಟ ಶ್ರಮದಿಂದ ಯಾರೂ ನಗಲಿಲ್ಲ. ಆದುದರಿಂದ ಅವರಿಗೆ ಯಾರೂ ಋಣಿಗಳಲ್ಲವೆಂದು ಹೇಳುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ರವಿ ಬಾಸ್ವಾನಿಯವರಿಗೆ ಹಾಸ್ಯನಟನೆಂದು ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು; ಅಷ್ಟು ದೊಡ್ಡ ಪಾತ್ರ ಮಾತ್ರ ಮತ್ತೆ ಒದಗಲಿಲ್ಲ. 2012ರಲ್ಲಿ ಚಿತ್ರವನ್ನು ಶುದ್ಧಗೊಳಿಸಿ ಮತ್ತೆ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಪ್ರೇಕ್ಷಕರು ಈ ಸಲ ಹಣ ಕೊಟ್ಟು ಒಳಕ್ಕೆ ಹೋದರು. ಭಕ್ತಿ ಬರ್ವೆ 2001ರಲ್ಲಿಯೇ ಅಪಘಾತದಲ್ಲಿ ತೀರಿಕೊಂಡಿದ್ದರು, ಬಾಸ್ವಾನಿಯವರು 2010ರಲ್ಲಿ. ತೆರೆಯ ಮೇಲೆ ಖೈದಿಯ ಉಡುಪಿನಲ್ಲಿ ಮುಂಬಯಿಯ ಬೀದಿಯಲ್ಲಿ ನಡೆದು ಬಂದ ಬಾಸ್ವಾನಿ, ಜೊತೆಗಾರನೊಡನೆ ಪ್ರೇಕ್ಷಕರ ಕಡೆಗೆ ತಿರುಗಿ, ಕತ್ತು ಕೊಯ್ದಂತೆ ಕೈಸನ್ನೆ ಮಾಡಿದರು.