ಋಣವೂ ಬಂಧನವೂ

ಉಪಕಾರ ಪಡೆದವನು ಉಪಕಾರಿಯ ಬಳಿ ಎಷ್ಟು ಕಾಲ ನಿಲ್ಲಬೇಕು? ಈ ಪ್ರಶ್ನೆ ಹಳೆಯದು. ಆದರೆ ಅಮೆರಿಕಾದಲ್ಲಿ ದುಡಿಯುತ್ತಿರುವ ನಮ್ಮವರ ಮನೆಗಳಲ್ಲಿ ಅದು ಇಂದು ಹೊಸ ರೂಪ ತಾಳಿದೆ. ಉದ್ಯೋಗದ ಮೂಲಕ ಕಾಯಂ ವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್, ಕೈಸೇರಿದ ಕೆಲವೇ ತಿಂಗಳುಗಳಲ್ಲಿ ಅದನ್ನು ಕೊಡಿಸಿದ ಸಂಸ್ಥೆಯನ್ನು ತ್ಯಜಿಸುವುದು ಉಚಿತವೇ?

ಈ ಹಕ್ಕು ಅನಾಯಾಸವಾಗಿ ಬರುವುದಲ್ಲ. ಆ ಕೆಲಸಕ್ಕೆ ಅರ್ಹರಾದ ಸ್ಥಳೀಯರು ದೊರೆಯಲಿಲ್ಲವೆಂಬುದನ್ನು ಸಂಸ್ಥೆಯು ಸಾಮಾನ್ಯವಾಗಿ ಮೊದಲು ಕಾರ್ಮಿಕ ಇಲಾಖೆಗೆ ತೋರಿಸಬೇಕು. 2007ರಿಂದ ಈ ಹಂತದ ವೆಚ್ಚವನ್ನು ಸಂಸ್ಥೆಯೇ ಭರಿಸತಕ್ಕದ್ದು. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿರುವುದರಿಂದ, ಭಾರತದಲ್ಲಿ ಹುಟ್ಟಿದವರು ಹತ್ತು ವರ್ಷಕ್ಕೂ ಮೀರಿ ಕಾಯುವುದುಂಟು. ಕೆಲಸ ಬದಲಿಸಿದರೆ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾದೀತೆಂಬ ಭಯದಿಂದ ಎಷ್ಟೋ ಮಂದಿ ಬಡ್ತಿಯಿಲ್ಲದಿದ್ದರೂ ಮೌನವಾಗಿರುತ್ತಾರೆ.

ಆದುದರಿಂದ ಇಲ್ಲಿ ಎರಡು ವಾದಗಳಿವೆ. ಸಂಸ್ಥೆಯು ಹಣವನ್ನೂ ಶ್ರಮವನ್ನೂ ವ್ಯಯಿಸಿತು, ಕೂಡಲೇ ಬಿಡುವುದು ಕೃತಘ್ನತೆ ಎಂಬುದು ಒಂದು. ಸಂಸ್ಥೆಯು ದಾನ ಮಾಡಲಿಲ್ಲ, ವರ್ಷಗಟ್ಟಲೆ ನಿಷ್ಠೆಯ ದುಡಿಮೆಯನ್ನು ಪಡೆಯಿತು, ಋಣ ಎಂದೋ ತೀರಿತು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಎರಡೂ ಋಣವನ್ನು ಕಾಲದಿಂದ ಅಳೆಯುತ್ತವೆ.

ಕಾನೂನು ಸಹ ಹಾಗೆ ಅಳೆಯುವುದಿಲ್ಲ. ಇಷ್ಟು ತಿಂಗಳು ಇರಲೇಬೇಕೆಂದು ಅದು ಹೇಳಿಲ್ಲ. ಕೊಡುವಾಗ ಸಂಸ್ಥೆಗೂ ಪಡೆಯುವಾಗ ನೌಕರನಿಗೂ ಆ ಕೆಲಸದ ವಿಷಯದಲ್ಲಿ ನಿಜವಾದ ಸಂಕಲ್ಪವಿತ್ತೇ ಎಂಬುದನ್ನು ಅದು ಕೇಳುತ್ತದೆ. ಕೊನೆಯ ಅರ್ಜಿ 180 ದಿನ ಇತ್ಯರ್ಥವಾಗದೆ ಉಳಿದರೆ ಅದೇ ಬಗೆಯ ಬೇರೆ ಕೆಲಸಕ್ಕೆ ಹೋಗಬಹುದೆಂದು 2000ದ ಶಾಸನವೊಂದು ದಾರಿಯನ್ನೂ ತೆರೆದಿದೆ.

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಇಬ್ಬರೂ ಮೂರನೆಯ ತಿಂಗಳಲ್ಲಿ ಕೆಲಸ ಬಿಟ್ಟರು. ಒಬ್ಬನು ಇರಬೇಕೆಂದೇ ಇದ್ದವನು. ಅವನ ವಿಭಾಗವನ್ನು ದೂರದ ಊರಿಗೆ ವರ್ಗಾಯಿಸಲಾಯಿತು, ಕಾಯಿಲೆಯ ಹೆಂಡತಿಯನ್ನು ಬಿಟ್ಟು ಹೋಗಲಾರದೆ ಹೊರಟನು. ಇನ್ನೊಬ್ಬನು ಕಾರ್ಡು ಬರುವ ಮೊದಲೇ ಬೇರೆಡೆ ಒಪ್ಪಿಕೊಂಡಿದ್ದನು. ಆದರೂ ಮೇಲಧಿಕಾರಿ ಕೇಳಿದಾಗ "ನಾನೆಲ್ಲಿಗೂ ಹೋಗುವುದಿಲ್ಲ" ಎಂದನು. ಹೊರಗಿನಿಂದ ನೋಡಿದರೆ ಕ್ರಿಯೆ ಒಂದೇ. ಮೊದಲನೆಯವನಲ್ಲಿ ದೋಷವಿಲ್ಲ. ಎರಡನೆಯವನು ಎರಡು ವರ್ಷ ತಡೆದು ಹೊರಟಿದ್ದರೂ ಆ ಮಾತಿನ ದೋಷ ಅಳಿಯುತ್ತಿರಲಿಲ್ಲ.

ಅಂತಹ ಅಸತ್ಯದ ಫಲವನ್ನು ಉಣ್ಣುವವನು ಅವನಲ್ಲ ಎಂಬುದನ್ನೂ ಮರೆಯಬಾರದು. ಅದೇ ಸಂಸ್ಥೆಯಲ್ಲಿ ಅವನ ಹಿಂದೆ ಇನ್ನೊಬ್ಬ ತರುಣನು ತನ್ನ ಅರ್ಜಿಗಾಗಿ ಕಾದಿರುತ್ತಾನೆ. ಒಮ್ಮೆ ಮೋಸಹೋದ ಮೇಲಧಿಕಾರಿಯು ಅವನನ್ನು ಸಂಶಯದಿಂದ ನೋಡಿದರೆ ಆಶ್ಚರ್ಯವೇನು?

ಹಾಗಾದರೆ ಹೊರಡುವವನ ಕರ್ತವ್ಯವೇನು? ಸುಳ್ಳು ಭರವಸೆ ಕೊಡದಿರುವುದು, ಸಾಕಷ್ಟು ಮುಂಚಿತವಾಗಿ ತಿಳಿಸುವುದು, ಕೈಯಲ್ಲಿರುವ ಕೆಲಸವನ್ನು ಮುಂದಿನವರಿಗೆ ಕ್ರಮವಾಗಿ ಒಪ್ಪಿಸುವುದು, ಪಡೆದ ಸಹಾಯವನ್ನು ಮುಕ್ತಮನಸ್ಸಿನಿಂದ ನೆನೆಯುವುದು. ಇಷ್ಟನ್ನು ಮಾಡಿದವನನ್ನು ಕೃತಘ್ನನೆನ್ನುವ ಅಧಿಕಾರ ಯಾರಿಗೂ ಇಲ್ಲ. ಕೃತಜ್ಞತೆಯು ಸೆರೆಮನೆಯಲ್ಲ, ಆದರೆ ಅದರ ಬಾಗಿಲನ್ನು ದಾಟುವಾಗ ತಲೆತಗ್ಗಿಸಬೇಕಾಗದಂತೆ ನಾವು ಬಾಳಿರಬೇಕು.