ತಿರುವಿನಲ್ಲಿ ಮಾತ್ರ ಕೇಳುವ ಸದ್ದು

ಹಳೆಯ ಮೋಟಾರುಗಾಡಿ ಮಾಡುವ ಸದ್ದುಗಳೆಲ್ಲ ಒಂದೇ ಜಾತಿಯವಲ್ಲ. ಸೈಲೆನ್ಸರು ತೂತಾದರೆ ಬೀದಿಗೆ ಬೀದಿಯೇ ತಿರುಗಿ ನೋಡುತ್ತದೆ. ಬಾಗಿಲು ಸಡಿಲವಾದರೆ ಹಳ್ಳ ಸಿಕ್ಕಿದಾಗಲೆಲ್ಲ ಗಡಗಡ ಎನ್ನುತ್ತದೆ. ಫ್ಯಾನ್ ಬೆಲ್ಟು ಚಳಿಗಾಲದ ಬೆಳಗಿನಲ್ಲಿ ಕಿರುಚಿ ಪಕ್ಕದ ಮನೆಯವರನ್ನೂ ಎಬ್ಬಿಸುತ್ತದೆ. ಇವೆಲ್ಲ ಬಾಯಿಬಡುಕ ದೋಷಗಳು, ಮುಚ್ಚಿಡುತ್ತೇನೆಂದರೂ ಮುಚ್ಚಿಡುವಂತಿಲ್ಲ. ಆದರೆ ಇನ್ನೊಂದು ಸದ್ದು ಉಂಟು. ನೇರವಾದ ರಸ್ತೆಯಲ್ಲಿ ಗಾಡಿ ನೂರು ಕಿಲೋಮೀಟರು ಓಡಿದರೂ ಅದು ಉಸಿರೆತ್ತುವುದಿಲ್ಲ. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಮೆಲ್ಲಗೆ ಹೊರಟಾಗ ಮಾತ್ರ, ಮುಂಚಕ್ರದ ಬಳಿಯಿಂದ ಕಟ್ ಕಟ್ ಕಟ್ ಎಂದು, ಯಾರೋ ಅಡಕತ್ತರಿಯಲ್ಲಿ ಅಡಕೆ ಕತ್ತರಿಸುತ್ತಿರುವಂತೆ ಕೇಳಿಬರುತ್ತದೆ. ಚಕ್ರ ನೇರವಾದೊಡನೆ ಮತ್ತೆ ಮೌನ. ಗ್ಯಾರೇಜಿನವರು ಒಮ್ಮೆ ಕಿವಿಗೊಟ್ಟು, "ಸಿ.ವಿ. ಜಾಯಿಂಟ್ ಹೋಗಿದೆ" ಎಂದುಬಿಡುತ್ತಾರೆ.

ಈ ಕೀಲಿನ ವಿಷಯ ಎರಡು ಮಾತು ಹೇಳದಿದ್ದರೆ ಮುಂದಿನ ಪ್ರಶ್ನೆ ಅರ್ಥವಾಗದು. ಅಂಬಾಸಿಡರ್, ಪದ್ಮಿನಿ ಗಾಡಿಗಳಲ್ಲಿ ಇಂಜಿನಿನ ಬಲ ಹಿಂಚಕ್ರಗಳಿಗೆ ಹೋಗುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಮಧ್ಯಮ ವರ್ಗದ ಮನೆಗಳ ಮುಂದೆ ನಿಂತ ಸಣ್ಣ ಕಾರುಗಳು ಬಹುಮಟ್ಟಿಗೆ ಮುಂಚಕ್ರಗಳೇ ಎಳೆಯುವಂಥವು. ಅಂದಮೇಲೆ ಪಾಪ, ಮುಂಚಕ್ರಕ್ಕೆ ಏಕಕಾಲದಲ್ಲಿ ಮೂರು ಕೆಲಸ: ಬಲ ಪಡೆದು ಉರುಳಬೇಕು, ಹಳ್ಳದಿಣ್ಣೆಗೆ ಏರಿಳಿಯಬೇಕು, ಎಡಬಲಕ್ಕೆ ಹೊರಳಬೇಕು. ಹದಿನೇಳನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರಿನಲ್ಲಿ ನಡೆಯುತ್ತ ಬಂದ ಕೀಲು ಬಾಗಿಕೊಂಡೂ ತಿರುಗಬಲ್ಲದು. ಆದರೆ ಬಾಗಿದಾಗ ಅದರ ನಡೆ ಸಮವಲ್ಲ, ಪ್ರತಿ ಸುತ್ತಿಗೂ ಎರಡೆರಡು ಸಲ ಮುಂದೋಡಿ ಹಿಂದುಳಿಯುತ್ತದೆ. ಈ ಮುಗ್ಗರಿಕೆಯನ್ನು ಹೋಗಲಾಡಿಸಿ, 1920ರ ದಶಕದಲ್ಲಿ ಆಲ್‌ಫ್ರೆಡ್ ರ್ಜೆಪ್ಪಾ ಎಂಬ ಇಂಜಿನಿಯರು ರೂಪಿಸಿದ ಕೀಲಿನಲ್ಲಿ ಗೋಲಿಗಳಂಥ ಆರು ಉಕ್ಕಿನ ಗುಂಡುಗಳು ಒಂದು ಪಂಜರದೊಳಗೆ ಕುಳಿತು ಬಾಗಿದ ಗಾಡಿಗಳಲ್ಲಿ ಚಲಿಸುತ್ತವೆ — ಗಾಡಿ ಎಂದರೆ ಇಲ್ಲಿ ಉಕ್ಕಿನಲ್ಲಿ ಕೊರೆದ ಕಾಲುವೆ. ಎಷ್ಟು ಬಾಗಿದರೂ ವೇಗ ಸಮ. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರು ಈ ಜಾತಿಯ ಕೀಲನ್ನು ಮನೆಮನೆಗೆ ಒಯ್ದಿತು.

ಈ ಕೀಲು ಮುಪ್ಪಿನಿಂದ ಸಾಯುವುದು ಕಡಿಮೆ; ಅಂಗಿ ಹರಿದು ಸಾಯುವುದೇ ಹೆಚ್ಚು. ಮಡಿಕೆ ಮಡಿಕೆಯಾದ ರಬ್ಬರಿನ ಬೂಟೊಂದು ಅದನ್ನು ಸುತ್ತಿರುತ್ತದೆ, ಒಳಗೆ ಕರಿಯ ಗ್ರೀಸು. ರಬ್ಬರು ವರ್ಷಗಳ ಮೇಲೆ ಒಣಗಿ ಬಿರುಕುಬಿಡುತ್ತದೆ. ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮುತ್ತದೆ, ಧೂಳೂ ನೀರೂ ಒಳಗೆ ಸೇರುತ್ತವೆ. ಆ ಹಂತದಲ್ಲೇ ಬಗ್ಗಿ ನೋಡಿದವನಿಗೆ ಕೆಲವು ನೂರು ರೂಪಾಯಿಯ ಬೂಟು, ಅರ್ಧ ದಿನದ ಕೂಲಿ, ಅಷ್ಟೆ. ಬಗ್ಗಿ ನೋಡುವವರು ಯಾರು? ಸದ್ದು ಕೇಳುವ ಹೊತ್ತಿಗೆ ಉಕ್ಕು ಸವೆದಿರುತ್ತದೆ, ಮತ್ತೆ ಬೆಳೆಯುವುದಿಲ್ಲ. ಹಾಗೆಯೇ ಓಡಿಸಿದರೆ ತಿಂಗಳುಗಟ್ಟಲೆ ಓಡೀತು. ಒಂದು ದಿನ ಒಡೆದರೆ ಮಾತ್ರ ಇಂಜಿನು ಗರ್ಜಿಸುತ್ತಿರುತ್ತದೆ, ಗೇರು ಬಿದ್ದಿರುತ್ತದೆ, ಗಾಡಿ ಕದಲುವುದಿಲ್ಲ.

ಹಳೆಯ ಕಾರೊಂದನ್ನು ಮಾರಬೇಕೆಂದು ನಾನು ನಿಶ್ಚಯಿಸಿದ ತಿಂಗಳಲ್ಲೇ ಅದರ ಎಡ ಮುಂಚಕ್ರ ಹೀಗೆ ಮಾತನಾಡತೊಡಗಿತು. ನನ್ನ ಮೆಕ್ಯಾನಿಕ್ ಯೋಗ್ಯ ಮನುಷ್ಯ. ಮಿಕ್ಕ ನಟ್ಟು ಬೋಲ್ಟನ್ನೂ ಕಾಗದದಲ್ಲಿ ಕಟ್ಟಿ ಹಿಂದಕ್ಕೆ ಕೊಡುವವನು. ಅವನೆಂದ: "ಮಾರೋ ಗಾಡಿಗೆ ಯಾಕ್ ಸಾರ್ ದುಡ್ಡು ಹಾಕ್ತೀರಿ? ಹೊಸ ಬೂಟ್ ಹಾಕಿ ಗ್ರೀಸ್ ತುಂಬಿಕೊಡ್ತೀನಿ, ಸ್ವಲ್ಪ ದಿನ ಸದ್ದು ಅಡಗ್ಬಹುದು. ಪಾರ್ಟಿ ಬಂದಾಗ ನೇರ ರೋಡಲ್ಲಿ ಒಂದು ರೌಂಡ್ ಹೊಡೆಸಿ. ಹಳೇ ಗಾಡಿ ಅಂತ ಗೊತ್ತಿದ್ದೇ ತಾನೆ ಬರೋದು?"

ಈ ವಾದ ತಳ್ಳಿಹಾಕುವಂಥದಲ್ಲ. ಅದರ ಬೆನ್ನಿಗೆ ದೇಶದ ಕಾನೂನೇ ಇದೆ. 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಕುದುರೆ ಬರುತ್ತದೆ. ಒಬ್ಬನು ತನ್ನ ಕುದುರೆಗೆ ರೋಗವಿದೆಯೆಂದು ತಿಳಿದೂ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾಯಿದೆ. ಬರಿಯ ಮೌನ ಮೋಸವಾಗದು. ಕೊಳ್ಳುವವನು ತನ್ನ ಕಣ್ಣು ತಾನು ತೆರೆದಿರಲಿ. ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ನನ್ನ ಮೆಕ್ಯಾನಿಕ್ ಗೆದ್ದ. ಆದರೆ ಮರುಸಾಲಿನಲ್ಲೇ ಅದೇ ಕುದುರೆ ಮತ್ತೆ ಬರುತ್ತದೆ: ಕೊಳ್ಳುವವಳು ಮಾರುವವನ ಮಗಳು, ಈಗತಾನೆ ಪ್ರಾಯಕ್ಕೆ ಬಂದವಳು. ಆಗ ಹೇಳುವುದು ಅವನ ಕರ್ತವ್ಯ. ಮೂರನೆಯ ಸಲವೂ ಬರುತ್ತದೆ: "ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ" ಎಂದು ಕೊಳ್ಳುವವನು ಹೇಳುತ್ತಾನೆ. ಆಗ ಮೌನವೂ ಮಾತೇ.

ಈ ಮೂರು ಕುದುರೆಗಳನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ನನಗೆ ಕುತೂಹಲವೆನಿಸುವುದು ಎರಡನೆಯದು. ಹೇಳುವುದು ಒಳ್ಳೆಯದೋ ಅಲ್ಲವೋ ಎಂಬುದರಲ್ಲಿ ಕಾನೂನಿಗೆ ಸಂದೇಹವೇ ಇಲ್ಲ. ಯಾರಿಗೆ ಹೇಳಬೇಕು ಎಂಬುದರಲ್ಲಿ ಮಾತ್ರ ಅದು ಗೆರೆ ಎಳೆಯುತ್ತದೆ. ಗೆರೆಯ ಒಳಗೆ ಮಗಳು, ಹೊರಗೆ ಹರಾಜಿನ ಗುಂಪು. ಮಗಳು ಏಕೆ ಒಳಗೆ? ರಕ್ತಸಂಬಂಧಕ್ಕಾಗಿ ಮಾತ್ರವಲ್ಲವಷ್ಟೆ, ಅವಳು ತಂದೆಯನ್ನು ನಂಬಿ ಕುದುರೆಯ ಹಲ್ಲು ಎಣಿಸುವುದಿಲ್ಲ, ಅದಕ್ಕಾಗಿ.

ಈ ಜಗಳ ನಮ್ಮ ಕಾಯಿದೆಗಿಂತ ಬಹಳ ಹಳೆಯದು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮಗನನ್ನು ಉದ್ದೇಶಿಸಿ ಕರ್ತವ್ಯಗಳ ಮೇಲೆ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಅದನ್ನು ದಾಖಲಿಸಿದ್ದಾನೆ. ಒಳಗೆಲ್ಲ ಹುಳುಹುಪ್ಪಟೆ, ಕೊಳೆತ ತೊಲೆ, ವಾಸಕ್ಕೆ ರೋಗಕರ; ಇಂಥ ಮನೆಯನ್ನು ಒಡೆಯ ಸುಮ್ಮನೆ ಮಾರಬಹುದೆ? ಬ್ಯಾಬಿಲೋನಿನ ಡಯೋಜಿನಿಸ್ (ಪೀಪಾಯಿಯಲ್ಲಿ ವಾಸಿಸಿದವನು ಬೇರೆ, ಇವನು ಬೇರೆ) ಮಾರಬಹುದೆನ್ನುತ್ತಾನೆ: ಹೇಳದಿರುವುದು ಬೇರೆ, ಬಚ್ಚಿಡುವುದು ಬೇರೆ; "ರೋಗದ ಮನೆ ಮಾರಾಟಕ್ಕಿದೆ" ಎಂದು ಯಾರಾದರೂ ಡಂಗುರ ಹೊಡೆಸುತ್ತಾರೆಯೆ? ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ: ತಿಳಿದೂ ಒಬ್ಬನನ್ನು ತಪ್ಪಿಗೆ ದೂಡುವುದು ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಕೀಳು. ಸಿಸೆರೊ ಶಿಷ್ಯನ ಕಡೆಗೆ ತೀರ್ಪು ಕೊಟ್ಟ.

ಗುರುವಿನ ಮಾತಿನಲ್ಲೂ ಹುರುಳಿದೆಯೆಂದು ಒಪ್ಪುತ್ತೇನೆ. ಹೇಳದಿರುವುದೆಲ್ಲ ಬಚ್ಚಿಡುವುದಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ನಮ್ಮ ಮಗು ಶಾಯಿ ಚೆಲ್ಲಿದ ಕಥೆಯನ್ನು ನಾನೇಕೆ ಹೇಳಬೇಕು? ಕಲೆ ಕಾಣುತ್ತಲೇ ಇದೆ. ಆದರೆ ಸಿ.ವಿ. ಜಾಯಿಂಟಿನ ಮುಂದೆ ಆ ಭೇದ ನಿಲ್ಲುವುದಿಲ್ಲ. ಏಕೆಂದರೆ ಗಾಡಿ ತೋರಿಸುವ ದಿನ ರಸ್ತೆಯನ್ನು ಆರಿಸುವವನು ನಾನು. ನೇರ ರಸ್ತೆಯಲ್ಲಿ ಹೋಗಿ ಬರುವುದು, ಅಗಲವಾದ ಜಾಗದಲ್ಲಿ ನಿಧಾನವಾಗಿ ಹೊರಳಿಸುವುದು, ಕಿರಿದಾದ ಓಣಿಯ ತಿರುವಿನಲ್ಲಿ ರೇಡಿಯೋ ಹಚ್ಚುವುದು, ಇದಾವುದೂ ಮೌನವಲ್ಲ, ಕೆಲಸ. ಹೊಸ ಬೂಟಂತೂ ಇನ್ನೂ ಸ್ಪಷ್ಟ. ಗುಣವಿರುವ ಕೀಲಿಗೆ ಅದು ರಕ್ಷೆ, ಸವೆದ ಕೀಲಿಗೆ ವೇಷ.

"ಕೊಳ್ಳುವವನು ಪರೀಕ್ಷಿಸಿಕೊಳ್ಳಲಿ" ಎಂಬ ಮಾತಿನಲ್ಲಿ ಇಬ್ಬರ ಕಿವಿಯೂ ಸಮ ಎಂಬ ಊಹೆ ಅಡಗಿದೆ. ನನ್ನ ಗಾಡಿ ಹಳೆಯ ಕಾರುಗಳ ವ್ಯಾಪಾರಿಗೆ ಹೋಗುವುದಾಗಿದ್ದರೆ ನನಗೆ ಅಷ್ಟು ಅಳುಕಿರುತ್ತಿರಲಿಲ್ಲ; ಅವನ ಆಳು ಮೊದಲು ಮಾಡುವ ಕೆಲಸವೇ ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಒಂದು ಸುತ್ತು ಹಾಕುವುದು. ಬಂದವನು ಒಬ್ಬ ಹುಡುಗ. ಹೆಬ್ರಿಯ ಕಡೆಯವನು, ಪೀಣ್ಯದಲ್ಲಿ ಕೆಲಸ, ಮೊದಲ ಗಾಡಿ. ಹಬ್ಬಕ್ಕೆ ತಾಯಿಯನ್ನು ಕೂರಿಸಿಕೊಂಡು ತೀರ್ಥಹಳ್ಳಿಯ ಮೇಲೆ ಆಗುಂಬೆ ಘಾಟಿ ಇಳಿದು ಊರಿಗೆ ಹೋಗಬೇಕೆಂದು ಅವನ ಆಸೆ. ಕಟ್ ಕಟ್ ಎನ್ನುವ ಕೀಲಿಗೆ ಅದಕ್ಕಿಂತ ಕೆಟ್ಟ ದಾರಿ ನನಗೆ ಹೊಳೆಯಲಿಲ್ಲ. ಬಾನೆಟ್ಟು ಎತ್ತಿ ನೋಡಿ, ಏನೂ ತಿಳಿಯದೆ ಮುಚ್ಚಿ, ಅವನೆಂದ: "ನಂಗೆ ಗಾಡಿ ವಿಷ್ಯ ಗೊತ್ತಾಗುದಿಲ್ಲ ಸಾರ್. ನೀವು ಹಿರಿಯರು. ನೀವು ಏನೂ ತೊಂದ್ರೆ ಇಲ್ಲ ಅಂದ್ರೆ ಆಯ್ತು."

ಕಾಯಿದೆಯ ಮೂರನೆಯ ಕುದುರೆ ಅಂಗಳಕ್ಕೇ ಬಂದು ನಿಂತಿತ್ತು. ಎರಡನೆಯದೂ ಅದರ ಹಿಂದೆ.

ಬಡಾವಣೆಯ ಕೊನೆಯ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎರಡು ಸುತ್ತು ಹಾಕಿಸಿದೆ. ಅವನಿಗೆ ಕೇಳಿಸಿತು. ಮುಖ ಸಣ್ಣದಾಯಿತು. ಮರುದಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿಕೊಂಡು ಬಂದ. ಬರಿಯ ಜಾಯಿಂಟಿನ ಬೆಲೆಯನ್ನಲ್ಲ, ಇಡೀ ಆಕ್ಸಲಿನ ಬೆಲೆಯನ್ನೇ ನನ್ನ ಲೆಕ್ಕದಿಂದ ಕಳೆದ! ನಂಬುವವರೆಲ್ಲ ಪೆದ್ದರಲ್ಲ. ನಾನೂ ಸ್ವಲ್ಪ ಎಳೆದಾಡಿದೆ. ಹೇಳಬೇಕೆಂಬ ಕರ್ತವ್ಯದಲ್ಲಿ ಚೌಕಾಸಿ ಬಿಡಬೇಕೆಂಬುದು ಸೇರಿಲ್ಲವಷ್ಟೆ. ಮನೆಯಲ್ಲಿ ಮಾತ್ರ, "ಧರ್ಮರಾಯರಿಗೆ ಈ ತಿಂಗಳು ಎಷ್ಟು ನಷ್ಟ?" ಎಂಬ ಪ್ರಶ್ನೆ ಎರಡು ದಿನ ಕಾಫಿಯ ಜೊತೆಗೆ ಬರುತ್ತಿತ್ತು.

ಗಾಡಿ ಒಪ್ಪಿಸಿದ ಚೀಟಿಯಲ್ಲಿ ತಾರೀಖು, ಗಂಟೆ ಬರೆಯುವ ಪದ್ಧತಿ. ಅದರ ಕೆಳಗೆ, "ಎಡ ಮುಂಚಕ್ರದ ಹೊರಗಿನ ಜಾಯಿಂಟ್ ಸವೆದಿದೆ, ತೋರಿಸಲಾಗಿದೆ" ಎಂದು ಒಂದು ಸಾಲು ಸೇರಿಸಿದೆ. ಹುಡುಗ ಓದಿ, ಸಹಿ ಹಾಕಿ, "ಬಲದ ಬೂಟ್ ಹೇಗಿದೆ ಸಾರ್?" ಎಂದ. ಇಬ್ಬರೂ ಬಗ್ಗಿ ನೋಡಿದೆವು. ಅದು ಇನ್ನೂ ಹರಿದಿರಲಿಲ್ಲ.