ಬಾವಲಿಯ ಸಾವಿಗೆ ದರ ಕಟ್ಟುವ ಮುನ್ನ

ಗಾಳಿಯಂತ್ರಗಳಿಗೆ ಬಡಿದು ಬಾವಲಿಗಳು ಸಾಯುತ್ತವೆ ಎಂದರೆ ಪರಿಸರದ ಪರ ಇರುವವರಿಗೇ ಮೊದಲು ಮುಜುಗರ. ಕಲ್ಲಿದ್ದಲ ಹೊಗೆ ನಿಲ್ಲಲಿ ಎಂದವರು ಅವರೇ. ಅದರ ಜಾಗಕ್ಕೆ ಬಂದ ಯಂತ್ರವೂ ಜೀವ ತೆಗೆಯುತ್ತದೆಂದು ಹೇಳಲು ಬಾಯಿ ಬಾರದು. ಈ ಮುಜುಗರದಿಂದ ಪಾರಾಗಲು ಒಂದು ಉಪಾಯ ಹುಟ್ಟಿಕೊಂಡಿದೆ: ಇಲ್ಲಿ ಸತ್ತಷ್ಟಕ್ಕೆ ಇನ್ನೆಲ್ಲೋ ಕಾಡು ಉಳಿಸುವುದು, ಗುಹೆಗೆ ಕಾವಲು ಹಾಕುವುದು, ಲೆಕ್ಕ ಚುಕ್ತಾ ಮಾಡುವುದು. ಈ ಚುಕ್ತಾ ನ್ಯಾಯವೇ?

ಅಮೆರಿಕದ ವೆಸ್ಟ್ ವರ್ಜೀನಿಯಾದ ಬೀಚ್ ರಿಜ್ ಬೆಟ್ಟಸಾಲಿನಲ್ಲಿ ನೂರಕ್ಕೂ ಹೆಚ್ಚು ಯಂತ್ರ ನಿಲ್ಲಿಸಲು ಹೊರಟ ಕಂಪನಿಯ ಮೇಲಿನ ದಾವೆ 2009ರಲ್ಲಿ ತೀರ್ಮಾನವಾಯಿತು. ಆ ಸೀಮೆಯ ಗುಹೆಗಳಲ್ಲಿ ಅಳಿವಿನಂಚಿನ ಇಂಡಿಯಾನಾ ಬಾವಲಿ ಚಳಿಗಾಲ ಕಳೆಯುತ್ತದೆ. ಪರವಾನಗಿ ಇಲ್ಲದೆ ಹೊಸ ಯಂತ್ರ ಕಟ್ಟಕೂಡದು ಎಂದರು ನ್ಯಾಯಾಧೀಶ ರೋಜರ್ ಟೈಟಸ್. ಮರುವರ್ಷ ರಾಜಿಯಾಯಿತು: ಬಾವಲಿಗಳು ಹಾರಾಡುವ ತಿಂಗಳುಗಳಲ್ಲಿ ಯಂತ್ರ ಹಗಲಷ್ಟೇ ತಿರುಗಬೇಕು. ಕೊನೆಗೆ ಪರವಾನಗಿಯೂ ಸಿಕ್ಕಿತು. ಇಂತಿಷ್ಟು ವರ್ಷಗಳಲ್ಲಿ ಇಂತಿಷ್ಟು ಬಾವಲಿ ಸತ್ತರೆ ತಪ್ಪಿಲ್ಲ, ಆದರೆ ಸಾವು ತಗ್ಗಿಸಿ, ಬೇರೆಡೆ ಅವುಗಳ ನೆಲೆ ಕಾಪಾಡಿ ಎನ್ನುವುದು ಅಂಥ ಪರವಾನಗಿಯ ತಿರುಳು.

ಇದನ್ನು ಪೂರ್ತಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಸಾವನ್ನು ಸೊನ್ನೆಗೆ ಇಳಿಸಲು ಆಗದ ಕಡೆ ಏನಾದರೂ ತುಂಬಿಕೊಡುವುದು ಏನೂ ಕೊಡದಿರುವುದಕ್ಕಿಂತ ಮೇಲು. ಪ್ರಶ್ನೆ ಇರುವುದು ಯಾವುದು ಮೊದಲು ಎಂಬಲ್ಲಿ. ಅದಕ್ಕೆ ಉತ್ತರವನ್ನು ಗಾಳಿಯೇ ಕೊಡುತ್ತದೆ.

ಬಾವಲಿಗಳು ಯಂತ್ರಕ್ಕೆ ಸಿಕ್ಕಿ ಸಾಯುವುದು ಹೆಚ್ಚಾಗಿ ಬೇಸಿಗೆಯ ಕೊನೆಗೆ, ಶರತ್ಕಾಲದ ಆರಂಭದಲ್ಲಿ. ಅದರಲ್ಲೂ ಗಾಳಿ ಮೆಲ್ಲಗಿರುವ ರಾತ್ರಿಗಳಲ್ಲಿ. ಜೋರುಗಾಳಿಯಲ್ಲಿ ಅವು ಅಷ್ಟಾಗಿ ಹಾರುವುದಿಲ್ಲ. ಇನ್ನು ಗಾಳಿಯ ವೇಗ ಅರ್ಧವಾದರೆ ಅದರಲ್ಲಿರುವ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಬಾವಲಿಗೆ ಹಾರಾಟದ ಹೊತ್ತು ಯಂತ್ರಕ್ಕೆ ಹೆಚ್ಚುಕಡಿಮೆ ಬಿಡುವಿನ ಹೊತ್ತು. ಪೆನ್ಸಿಲ್ವೇನಿಯಾದ ಕ್ಯಾಸಲ್‌ಮನ್‌ನಲ್ಲಿ ಎಡ್ವರ್ಡ್ ಆರ್ನೆಟ್ ಮತ್ತು ಜೊತೆಗಾರರು 2008 ಮತ್ತು 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಸೆಕೆಂಡಿಗೆ 3.5 ಮೀಟರ್ ಗಾಳಿಗೆ ತಿರುಗಲು ಶುರುವಾಗುತ್ತಿದ್ದ ರೆಕ್ಕೆಗಳನ್ನು ಕೆಲವು ಯಂತ್ರಗಳಲ್ಲಿ 5ರವರೆಗೆ, ಇನ್ನು ಕೆಲವದರಲ್ಲಿ 6.5ರವರೆಗೆ ತಡೆದು ನಿಲ್ಲಿಸಿದರು. ಬಾವಲಿಗಳ ಸಾವು ಶೇ. 44ರಿಂದ 93ರಷ್ಟು ತಗ್ಗಿತು. ವರ್ಷದ ಒಟ್ಟು ವಿದ್ಯುತ್ತಿನಲ್ಲಿ ಆಗುವ ನಷ್ಟ ಶೇ. 1ನ್ನು ಮೀರದು ಎಂದು ಲೆಕ್ಕ ಬಂತು.

ಇಷ್ಟು ಅಗ್ಗಕ್ಕೆ ಸಾವು ತಪ್ಪಿಸಬಹುದು ಎಂದು ಗೊತ್ತಾದ ಮೇಲೆ, ತಪ್ಪಿಸದೆ ಪರಿಹಾರ ಕೊಡುತ್ತೇನೆ ಎನ್ನುವವನು ಕೊಡುತ್ತಿರುವುದು ಪರಿಹಾರವಲ್ಲ, ಕೊಲ್ಲುವ ಸವಲತ್ತಿಗೆ ಬಾಡಿಗೆ. ಅನಿವಾರ್ಯವಾಗಿ ಆದ ಹಾನಿಗೆ ಮಾತ್ರ ಪರಿಹಾರ ಎನ್ನುವ ಮಾತು ಸಲ್ಲುತ್ತದೆ.

ಇನ್ನೊಂದು ತೊಡಕಿದೆ, ಇದು ಹೆಚ್ಚು ಗಂಭೀರ. ಕಾನೂನಿನ ರಕ್ಷೆ ಇರುವುದು ಇಂಡಿಯಾನಾ ಬಾವಲಿಯಂಥ ಅಪರೂಪದವಕ್ಕೆ. ಆದರೆ ಅಲ್ಲಿನ ಯಂತ್ರಗಳಡಿ ಎಲ್ಲಕ್ಕಿಂತ ಹೆಚ್ಚು ಸತ್ತು ಬೀಳುವುದು ಮರಗಳಲ್ಲಿ ತಂಗುವ ವಲಸೆ ಬಾವಲಿಗಳು. ಮೈಕೂದಲು ನರೆತಂತೆ ಕಾಣುವ ಹೋರಿ ಬ್ಯಾಟ್ ಅವುಗಳಲ್ಲಿ ಮೊದಲನೆಯದು. ಇದೇ ಗತಿಯಾದರೆ 50 ವರ್ಷಗಳಲ್ಲಿ ಅದರ ಸಂಖ್ಯೆ ಶೇ. 90ರಷ್ಟು ಕುಸಿಯಬಹುದು ಎಂದು 2017ರ ಅಧ್ಯಯನವೊಂದು ಎಚ್ಚರಿಸಿತು. ಇಲಿಯ ಗಾತ್ರವಾದರೂ ಬಾವಲಿ ಇಲಿಯಂತೆ ಹೆರುವುದಿಲ್ಲ; ಸಾಮಾನ್ಯವಾಗಿ ವರ್ಷಕ್ಕೆ ಒಂದೋ ಎರಡೋ ಮರಿ. ಗುಹೆಯ ಬಾವಲಿಗಾದರೆ ಗುಹೆಯ ಬಾಯಿಗೆ ಕಬ್ಬಿಣದ ಗೇಟು ಹಾಕಿಸಿ ನೆಮ್ಮದಿ ಪಡಬಹುದು. ಖಂಡದ ಉದ್ದಕ್ಕೂ ಮರದಿಂದ ಮರಕ್ಕೆ ಅಲೆಯುವ ಈ ಜೀವಿಗೆ ಯಾವ ಜಮೀನು ಕೊಂಡುಕೊಟ್ಟರೆ ಸಾವು ಸರಿದೂಗೀತು? ತುಂಬಿಕೊಡಲು ಆಗದ್ದನ್ನು ಕಳೆಯದಿರುವುದೊಂದೇ ದಾರಿ.

ಹವಾಮಾನ ಕೆಟ್ಟರೆ ಬಾವಲಿಗಳೂ ಉಳಿಯಲಾರವು, ಹಾಗಾಗಿ ಗಾಳಿ ವಿದ್ಯುತ್ತು ಅವುಗಳ ಹಿತಕ್ಕೂ ಬೇಕು ಎನ್ನುವವರಿದ್ದಾರೆ. ನಿಜ, ಬೇಕು. ಆದರೆ ಶೇ. 99ರಷ್ಟು ವಿದ್ಯುತ್ತು ಕೈಯಲ್ಲೇ ಇರುವಾಗ ಉಳಿದ ಒಂದಕ್ಕಾಗಿ ಲೋಕಹಿತವನ್ನು ಸಾಕ್ಷಿಗೆ ಕರೆಯುವುದು ಅತಿಯಾಯಿತು. ಬಾವಲಿಯಾಗಿ ಬದುಕುವುದು ಬಾವಲಿಗೆ ಹೇಗಿರುತ್ತದೆ ಎಂದು ತತ್ವಜ್ಞಾನಿ ಥಾಮಸ್ ನೇಗಲ್ 1974ರಲ್ಲಿ ಕೇಳಿ, ಅದು ನಮ್ಮ ಅರಿವಿಗೆ ಎಟುಕದು ಎಂದರು. ಎಟುಕದಿದ್ದರೆ ಬೇಡ, ಕೊಲ್ಲದಿರಲು ಅಷ್ಟೆಲ್ಲ ಗೊತ್ತಿರಬೇಕಿಲ್ಲ.

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೂ ಯಂತ್ರಗಳು ಸಾಲುಗಟ್ಟಿವೆ. ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆ ಗಾಳಿ ವಿದ್ಯುತ್ ಯೋಜನೆಗಳಿಗೆ ಪೂರ್ವಾನುಮತಿಯನ್ನೇ ಕೇಳುವುದಿಲ್ಲ. ಹಣ್ಣು ತಿನ್ನುವ ಬಾವಲಿಗಳು 2022ರ ತಿದ್ದುಪಡಿಯವರೆಗೂ ವನ್ಯಜೀವಿ ಕಾಯ್ದೆಯ ಉಪದ್ರವಿಗಳ ಪಟ್ಟಿಯಲ್ಲಿದ್ದವು. ಅಮೆರಿಕದ ಶರತ್ಕಾಲದ ಲೆಕ್ಕ ಮುಂಗಾರಿನಲ್ಲಿ ಗಾಳಿ ಜೋರಾಗುವ ನಮ್ಮ ಬಯಲಿಗೆ ಹಾಗೇ ಹೊಂದದು. ಇಲ್ಲಿನ ತಿಂಗಳುಗಳನ್ನು ಇಲ್ಲೇ ಕಂಡುಕೊಳ್ಳಬೇಕು. ಆದ್ದರಿಂದ ಕಂಪನಿಗಳೂ ಸರ್ಕಾರವೂ ಪರಿಹಾರ ನಿಧಿಯ ಮಾತನ್ನು ಸದ್ಯಕ್ಕೆ ಎತ್ತುವುದು ಬೇಡ. ಮೊದಲು ಯಂತ್ರಗಳ ಬುಡದಲ್ಲಿ ಬಿದ್ದದ್ದನ್ನು ವರ್ಷವಿಡೀ ಎಣಿಸಲಿ, ಎಣಿಕೆಯನ್ನು ಜನರ ಮುಂದಿಡಲಿ, ಸಾವು ಹೆಚ್ಚೆಂದು ಕಂಡ ತಿಂಗಳುಗಳ ಮಂದಗಾಳಿಯ ರಾತ್ರಿ ರೆಕ್ಕೆಗಳನ್ನು ತಡೆದು ನಿಲ್ಲಿಸಲಿ.